ಕ್ಷಮೆ ಮತ್ತು ಪುನರ್ಮಿಲನ: ಇಂಗ್ಲಿಷ್ ಐತಿಹಾಸಿಕ ಪ್ರಣಯ ಕಾದಂಬರಿಗಳ ಅಪ್ರಿಯ ನಾಯಕ

ಪ್ರಣಯಕಥೆಯ ನಾಯಕನು ಸದ್ಗುಣಸಂಪನ್ನನೇ ಆಗಿರಬೇಕೆಂದು ಭಾರತೀಯ ಕಾವ್ಯಮೀಮಾಂಸೆ ಎಂದೂ ಹಟ ಹಿಡಿಯಲಿಲ್ಲ. ಹತ್ತನೆಯ ಶತಮಾನದ ಧನಂಜಯನು ತನ್ನ ‘ದಶರೂಪಕ’ದಲ್ಲಿ ಶೃಂಗಾರನಾಯಕರನ್ನು ದಕ್ಷಿಣ, ಶಠ, ಧೃಷ್ಟ, ಅನುಕೂಲ ಎಂದು ವಿಂಗಡಿಸುತ್ತಾನೆ. ಇವರಲ್ಲಿ ಶಠನು ಅಪರಾಧವನ್ನು ಮರೆಮಾಚುವವನು. ಧೃಷ್ಟನು ಅಪರಾಧದ ಗುರುತು ಮೈಮೇಲೆ ಕಾಣುತ್ತಿದ್ದರೂ ನಾಚದವನು. ಮುನಿದ ನಾಯಿಕೆಯನ್ನು ಒಲಿಸಿಕೊಳ್ಳಲು ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರ ಎಂಬ ಆರು ಉಪಾಯಗಳನ್ನೂ ಅದೇ ಗ್ರಂಥ ಹೇಳುತ್ತದೆ. ಇವೆಲ್ಲವೂ ಮುನಿಸನ್ನು ಇಳಿಸುವ ಉಪಾಯಗಳೇ ಹೊರತು ಅಪರಾಧವನ್ನು ಒಪ್ಪಿಕೊಳ್ಳುವ ಕ್ರಮಗಳಲ್ಲ ಎಂಬುದು ಗಮನಾರ್ಹ. ಕೋಪ ಶಮನವಾಗುವುದು ಒಂದು, ಕ್ಷಮೆ ಇನ್ನೊಂದು, ಮತ್ತೆ ಒಂದಾಗಿ ಬಾಳುವುದು ಮೂರನೆಯದು. ಈ ಮೂರನ್ನೂ ಒಂದೇ ಎಂದು ಭಾವಿಸುವ ರೂಢಿ ಜಗತ್ತಿನ ಬಹುಪಾಲು ಪ್ರಣಯಸಾಹಿತ್ಯದಲ್ಲಿ ಬೇರೂರಿದೆ.

ಈ ರೂಢಿ ಅತ್ಯಂತ ತೀವ್ರವಾದ ಪರೀಕ್ಷೆಗೆ ಒಳಗಾದದ್ದು ಇಂಗ್ಲಿಷಿನ ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ. ಅಲ್ಲಿನ ನಾಯಕನ ಅಪರಾಧವು ಕೇವಲ ಪರಸ್ತ್ರೀವ್ಯಾಮೋಹವಲ್ಲ. ಅಪಹರಣ, ಬಂಧನ, ವಂಚನೆ, ಕೆಲವೊಮ್ಮೆ ಬಲಾತ್ಕಾರ. ಅಂಥವನೇ ಕೊನೆಯಲ್ಲಿ ನಾಯಿಕೆಯ ಪತಿಯಾಗಿ ಉಳಿಯುತ್ತಾನೆ. ಈ ಕಾದಂಬರಿಗಳನ್ನು ಅಗ್ಗದ ಓದೆಂದು ಬದಿಗಿಡುವುದು ಸುಲಭ. ಆದರೆ ಕ್ಷಮೆಯನ್ನು ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ ನೀಡಬಹುದೆಂಬ ನೈತಿಕ ಪ್ರಶ್ನೆ ಸುಮಾರು 280 ವರ್ಷಗಳಿಂದ ಈ ಪ್ರಕಾರದ ಒಳಗೆ ಎಡೆಬಿಡದೆ ಚರ್ಚೆಗೊಳ್ಳುತ್ತ ಬಂದಿದೆ.

ರಿಚರ್ಡ್‌ಸನ್‌ನ ಎರಡು ಉತ್ತರಗಳು

ಈ ಪರಂಪರೆಯ ಮೂಲ ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ‘ಪಮೇಲಾ’ (1740). ಇದು ಅದರ ಕಾಲಕ್ಕೆ ಸಮಕಾಲೀನ ಕಾದಂಬರಿಯೇ ಆಗಿದ್ದರೂ ಮುಂದಿನ ಐತಿಹಾಸಿಕ ಕಾದಂಬರಿಕಾರರು ಮರಳಿ ಮರಳಿ ಪ್ರವೇಶಿಸಿದ ಜಗತ್ತು ಇದರದೇ. ಹದಿನೈದರ ಹರೆಯದ ಸೇವಕಿ ಪಮೇಲಾಳನ್ನು ಅವಳ ಯಜಮಾನ ‘ಮಿಸ್ಟರ್ ಬಿ’ ಪೀಡಿಸುತ್ತಾನೆ. ಮೋಸದಿಂದ ಲಿಂಕನ್‌ಶೈರಿನ ತನ್ನ ಮನೆಗೆ ಸಾಗಿಸಿ ಕೂಡಿಹಾಕುತ್ತಾನೆ. ಅಲ್ಲಿ ಅವಳು ಗುಟ್ಟಾಗಿ ದಿನಚರಿ ಬರೆಯುತ್ತಾಳೆ. ಆ ಹಾಳೆಗಳನ್ನು ಅವನು ಓದಿದಾಗಲೇ ಅವನ ಪರಿವರ್ತನೆ ಆರಂಭವಾಗುತ್ತದೆ. ತಾನು ಎಸಗಿದ್ದನ್ನು ಅನುಭವಿಸಿದವಳ ಮಾತಿನಲ್ಲೇ ಅವನು ತಿಳಿಯಬೇಕಾಗುತ್ತದೆ. ಆಮೇಲೆ ವಿವಾಹ, ಸುಖಾಂತ್ಯ.

ಈ ಸುಖಾಂತ್ಯದ ಅಪಾಯವನ್ನು ರಿಚರ್ಡ್‌ಸನ್‌ನೇ ಮನಗಂಡನೆಂದು ಅವನ ಮುಂದಿನ ಕೃತಿಯಿಂದ ಊಹಿಸಬಹುದು. ತಿದ್ದಿಕೊಂಡ ವಿಟಪುರುಷನೇ ಅತ್ಯುತ್ತಮ ಪತಿಯಾಗುತ್ತಾನೆ ಎಂಬ ನಂಬಿಕೆ ಆ ಕಾಲದಲ್ಲಿ ಗಾದೆಯಂತೆ ಚಲಾವಣೆಯಲ್ಲಿತ್ತು. 1747ರ ಕೊನೆಯಿಂದ 1748ರ ಕೊನೆಯವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ‘ಕ್ಲಾರಿಸಾ’ ಆ ನಂಬಿಕೆಯನ್ನು ಖಂಡಿಸಲೆಂದೇ ರಚಿತವಾಯಿತು. ಅದರ ಲವ್ಲೇಸ್ ಚತುರ, ಸುಂದರ, ವಾಕ್ಪಟು. ಅವನು ಕ್ಲಾರಿಸಾಳನ್ನು ಮನೆಯಿಂದ ಹೊರಡಿಸಿ, ವಂಚಿಸಿ, ಕೊನೆಗೆ ಮದ್ದು ಕುಡಿಸಿ ಬಲಾತ್ಕರಿಸುತ್ತಾನೆ. ಆಮೇಲೆ ಅವನನ್ನೇ ಮದುವೆಯಾಗುವುದು ಒಳಿತೆಂದು ಅವಳ ಆಪ್ತಗೆಳತಿ ಆನಾ ಹೋ ಕೂಡ ಸಲಹೆ ನೀಡುತ್ತಾಳೆ. ಕ್ಲಾರಿಸಾ ಒಪ್ಪುವುದಿಲ್ಲ. ಅವಳು ಅವನನ್ನು ಕ್ಷಮಿಸುತ್ತಾಳೆ, ತನ್ನ ಮರಣಾನಂತರ ತಲುಪುವ ಪತ್ರದಲ್ಲಿ ಅದನ್ನು ತಿಳಿಸುತ್ತಾಳೆ, ಆದರೆ ವರಿಸುವುದಿಲ್ಲ. ಕ್ಷಮೆಯು ಕ್ಷಮಿಸುವವಳ ಆತ್ಮಕ್ಕೆ ಸಂಬಂಧಿಸಿದ್ದು, ಅದರಿಂದ ಅಪರಾಧಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬ ನಿಲುವು ಇಲ್ಲಿ ಪೂರ್ಣಸ್ಪಷ್ಟತೆಯಿಂದ ಮೂಡಿದೆ.

ಓದುಗರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಸಂಪುಟಗಳು ಇನ್ನೂ ಹೊರಬರುತ್ತಿದ್ದಾಗಲೇ ಲೇಡಿ ಬ್ರಾಡ್‌ಶೇ ಎಂಬ ಓದುಗಳು ಗುಪ್ತನಾಮದಲ್ಲಿ ರಿಚರ್ಡ್‌ಸನ್‌ಗೆ ಪತ್ರಗಳನ್ನು ಬರೆದು, ಲವ್ಲೇಸನನ್ನು ತಿದ್ದಿ ಇಬ್ಬರಿಗೂ ಮದುವೆ ಮಾಡಿಸಬೇಕೆಂದು ಬೇಡಿಕೊಂಡಳು. ಲೇಖಕ ಮಣಿಯಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಅವನು ಲವ್ಲೇಸನ ದುಷ್ಟತನ ಇನ್ನಷ್ಟು ಎದ್ದುಕಾಣುವಂತೆ ಪಠ್ಯವನ್ನೇ ಪರಿಷ್ಕರಿಸಿದನು. ಮುಂದೆ ಬಂದ ಪ್ರಣಯ ಕಾದಂಬರಿಗಳ ಬಹುಭಾಗವನ್ನು ಲೇಡಿ ಬ್ರಾಡ್‌ಶೇ ಕೋರಿದ ಅಂತ್ಯವನ್ನು ನೈತಿಕವಾಗಿ ಸಾಧ್ಯವಾಗಿಸುವ ಪ್ರಯತ್ನಗಳೆಂದು ಕಾಣಬಹುದು.

ಜೇನ್ ಐರ್: ಕ್ಷಮಿಸಿ ಹೊರಟವಳು

ಷಾರ್ಲೆಟ್ ಬ್ರಾಂಟೆ 1847ರಲ್ಲಿ ಕರರ್ ಬೆಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ‘ಜೇನ್ ಐರ್’ ಈ ಪ್ರಯತ್ನಗಳಲ್ಲಿ ಅತ್ಯಂತ ಮಹತ್ವದ್ದು. ರೋಚೆಸ್ಟರ್ ಸುಂದರನಲ್ಲ, ಮೃದುಭಾಷಿಯೂ ಅಲ್ಲ. ಹುಚ್ಚಿಯೆನಿಸಿದ ತನ್ನ ಪತ್ನಿ ಬರ್ತಾ ಮೇಸನ್‌ಳನ್ನು ಮನೆಯ ಮೂರನೆಯ ಅಂತಸ್ತಿನಲ್ಲಿ ಕೂಡಿಹಾಕಿ, ಆ ಸಂಗತಿಯನ್ನು ಮುಚ್ಚಿಟ್ಟು ಜೇನಳನ್ನು ವರಿಸಲು ಹೊರಟವನು. ಗುಟ್ಟು ಬಯಲಾದ ದಿನವೇ ಜೇನ್ ಅವನನ್ನು ಮನಸ್ಸಿನೊಳಗೆ ಕ್ಷಮಿಸಿದುದನ್ನು ಓದುಗರಿಗೆ ತಿಳಿಸುತ್ತಾಳೆ. ಅವನಿಗೆ ಮಾತ್ರ ಹೇಳುವುದಿಲ್ಲ. ಕ್ಷಮಿಸಿದ ಮೇಲೆ ಬೆಳಗಾಗುವ ಮುನ್ನ ಮನೆಬಿಟ್ಟು ಹೋಗುತ್ತಾಳೆ. 38 ಅಧ್ಯಾಯಗಳ ಈ ಕಾದಂಬರಿಯಲ್ಲಿ ಕ್ಷಮೆ ಇರುವುದು 27ನೆಯ ಅಧ್ಯಾಯದಲ್ಲಿ, ಪುನರ್ಮಿಲನ 37ರಲ್ಲಿ. ನಡುವಿನ ಒಂಬತ್ತು ಅಧ್ಯಾಯಗಳೇ ಬ್ರಾಂಟೆಯ ವಾದ.

ಆ ಅವಧಿಯಲ್ಲಿ ಎರಡು ಬದಲಾವಣೆಗಳು ಘಟಿಸುತ್ತವೆ. ರೋಚೆಸ್ಟರ್ ಬೆಂಕಿಯಲ್ಲಿ ಮನೆಯನ್ನೂ ಒಂದು ಕೈಯನ್ನೂ ದೃಷ್ಟಿಯನ್ನೂ ಕಳೆದುಕೊಳ್ಳುತ್ತಾನೆ. ಜೇನ್‌ಗೆ ಚಿಕ್ಕಪ್ಪನಿಂದ 20,000 ಪೌಂಡುಗಳ ಆಸ್ತಿ ಬರುತ್ತದೆ. ಬಂಧುಗಳೊಂದಿಗೆ ಸಮನಾಗಿ ಹಂಚಿಕೊಂಡು 5,000 ಪೌಂಡುಗಳನ್ನು ತಾನು ಉಳಿಸಿಕೊಳ್ಳುತ್ತಾಳೆ. ಸಾಮಾನ್ಯವಾಗಿ ವಿಮರ್ಶಕರ ಕಣ್ಣಿಗೆ ಮೊದಲು ಬೀಳುವುದು ನಾಯಕನ ದಂಡನೆ. ಆದರೆ ಪುನರ್ಮಿಲನವನ್ನು ಸಮ್ಮತವಾಗಿಸುವುದು ಎರಡನೆಯ ಬದಲಾವಣೆ. ಹೋಗಲು ಬೇರೆ ಸ್ಥಳವಿದ್ದೂ ಅವಳು ಮರಳಿ ಬಂದಳು. ಅದೇ ಅವಳ ಒಪ್ಪಿಗೆಗೆ ಪ್ರಮಾಣ.

ಈ ನೈತಿಕ ವ್ಯವಸ್ಥೆಯಲ್ಲೂ ಒಂದು ಬಿರುಕಿದೆ. ರೋಚೆಸ್ಟರನಿಂದ ಹೆಚ್ಚು ನೊಂದವಳು ಬರ್ತಾ. ಅವಳ ಕ್ಷಮೆಯನ್ನು ಯಾರೂ ಕೇಳುವುದಿಲ್ಲ. ಜೀನ್ ರೀಸ್ 1966ರಲ್ಲಿ ಪ್ರಕಟಿಸಿದ ‘ವೈಡ್ ಸರ್ಗಾಸೋ ಸೀ’ ಕಾದಂಬರಿಯು ಬರ್ತಾಳ ಕಡೆಯಿಂದ ಕಥೆಯನ್ನು ಪುನರ್ರಚಿಸಿ ಈ ಮೌನವನ್ನು ಎತ್ತಿತೋರಿಸಿತು.

ಇತಿಹಾಸವೆಂಬ ಆವರಣ

ಇಪ್ಪತ್ತನೆಯ ಶತಮಾನದಲ್ಲಿ ಜಾರ್ಜೆಟ್ ಹೇಯರ್ (1902–1974) ಈ ನಾಯಕನನ್ನು ಹದಿನೆಂಟನೆಯ ಶತಮಾನದ ಮತ್ತು ರೀಜೆನ್ಸಿ ಕಾಲದ ಆವರಣದಲ್ಲಿ ಪ್ರತಿಷ್ಠಾಪಿಸಿದಳು. ಅವಳ ‘ಡೆವಿಲ್ಸ್ ಕಬ್’ (1932) ಕಾದಂಬರಿಯ ಮಾರ್ಕ್ವಿಸ್ ವಿಡಾಲ್, ಚಂಚಲೆಯಾದ ಸೋಫಿಯಾಳನ್ನು ಫ್ರಾನ್ಸಿಗೆ ಕರೆದೊಯ್ಯಲು ಹವಣಿಸುತ್ತಾನೆ. ಅದನ್ನು ತಪ್ಪಿಸಲು ಅಕ್ಕ ಮೇರಿ ಚಾಲನರ್ ಅವಳ ಸ್ಥಾನದಲ್ಲಿ ಬರುತ್ತಾಳೆ. ಕೆರಳಿದ ವಿಡಾಲ್ ಅವಳನ್ನೇ ಬಲವಂತದಿಂದ ಒಯ್ಯುತ್ತಾನೆ. ಅವನು ಮೈಮೇಲೆ ಬಂದಾಗ ಮೇರಿ ಪಿಸ್ತೂಲಿನಿಂದ ಗುಂಡು ಹಾರಿಸುತ್ತಾಳೆ. ಅಲ್ಲಿಂದ ಅವನ ದೃಷ್ಟಿ ಬದಲಾಗುತ್ತದೆ. ಅವನು ವಿವಾಹಕ್ಕೆ ಮುಂದಾದರೂ ಅವಳು ನಿರಾಕರಿಸುತ್ತಾಳೆ. ತಪ್ಪನ್ನು ವಿವಾಹದಿಂದ ಸರಿದೂಗಿಸಬಹುದೆಂಬ ಪುರುಷನ ಊಹೆಯನ್ನು ಹೇಯರ್ ಹಾಸ್ಯದ ಮೂಲಕವೇ ತಡೆದು ನಿಲ್ಲಿಸಿದಳು.

ಅಪ್ರಿಯ ನಾಯಕನಿಗೆ ಭೂತಕಾಲವೇ ಏಕೆ ಬೇಕು? ಪಲ್ಲಕ್ಕಿ, ಕುದುರೆಗಾಡಿ, ಬಿರುದುಬಾವಲಿಗಳ ಆಕರ್ಷಣೆ ಒಂದು ಕಾರಣ. ಆದರೆ ಕಾನೂನಿನ ಸ್ವರೂಪ ಇದಕ್ಕಿಂತ ಆಳವಾದುದು. ಆ ಕಾಲದ ಇಂಗ್ಲೆಂಡಿನಲ್ಲಿ ವಿವಾಹಿತ ಸ್ತ್ರೀಯ ನ್ಯಾಯಿಕ ಅಸ್ತಿತ್ವವು ಪತಿಯಲ್ಲಿ ಲೀನವಾಗುತ್ತಿತ್ತು. 1857ರ ಕಾಯಿದೆಯವರೆಗೆ ಪುನರ್ವಿವಾಹಕ್ಕೆ ಅವಕಾಶವಿರುವ ವಿಚ್ಛೇದನಕ್ಕೆ ಪಾರ್ಲಿಮೆಂಟಿನ ಪ್ರತ್ಯೇಕ ಶಾಸನವೇ ಬೇಕಾಗಿತ್ತು. ವಿವಾಹಿತೆಯರ ಆಸ್ತಿಹಕ್ಕಿನ ಮುಖ್ಯ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. ಹೀಗಾಗಿ ಆ ಜಗತ್ತಿನ ನಾಯಿಕೆಗೆ ವಿವಾಹಪೂರ್ವದ ಕ್ಷಮೆಯೇ ಕೊನೆಯ ಸ್ವತಂತ್ರ ನಿರ್ಧಾರ. ವಿವಾಹದ ನಂತರ ಅವಳು ಕ್ಷಮಿಸಿದರೂ ಅದು ಕ್ಷಮೆಯೋ ನಿರುಪಾಯವೋ ಎಂದು ಬೇರ್ಪಡಿಸುವುದು ಕಷ್ಟ.

1972 ಮತ್ತು ಅದರ ನಂತರ

1972ರಲ್ಲಿ ಏವನ್ ಪ್ರಕಾಶನ ಸಂಸ್ಥೆಯು ಕ್ಯಾಥ್ಲೀನ್ ವುಡಿವಿಸ್‌ಳ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ಕಾದಂಬರಿಯನ್ನು ನೇರವಾಗಿ ಪೇಪರ್‌ಬ್ಯಾಕ್ ರೂಪದಲ್ಲಿ ಹೊರತಂದಿತು. ಅಮೆರಿಕದ ಆಧುನಿಕ ಐತಿಹಾಸಿಕ ಪ್ರಣಯ ಕಾದಂಬರಿಯ ಆರಂಭವನ್ನು ಸಾಮಾನ್ಯವಾಗಿ ಇದರಿಂದಲೇ ಗುರುತಿಸಲಾಗುತ್ತದೆ. ಹದಿನೆಂಟನೆಯ ಶತಮಾನದ ಅಂತ್ಯದ ಲಂಡನ್ನಿನಲ್ಲಿ ನಾಯಕ ಬ್ರಾಂಡನ್ ಬರ್ಮಿಂಗ್‌ಹ್ಯಾಮ್ ನಾಯಿಕೆ ಹೆದರ್‌ಳನ್ನು ವೇಶ್ಯೆಯೆಂದು ತಪ್ಪಾಗಿ ತಿಳಿದು ಹಡಗಿನಲ್ಲಿ ಬಲಾತ್ಕರಿಸುತ್ತಾನೆ. ಅವಳು ಗರ್ಭಿಣಿಯಾದ ಮೇಲೆ ಒತ್ತಾಯದ ವಿವಾಹವಾಗುತ್ತದೆ. ಪ್ರೇಮ ಅರಳುವುದು ಅದರ ನಂತರ. ಇಲ್ಲಿ ಕ್ರಮವೇ ತಲೆಕೆಳಗಾಗಿದೆ: ಮೊದಲು ವಿವಾಹ, ಬಳಿಕ ಪ್ರೇಮ, ಕ್ಷಮೆ ಆ ಪ್ರೇಮದೊಳಗೆ ಕರಗಿಹೋದ ಒಂದು ಅಂಶ. ತಪ್ಪು ತಿಳಿವಳಿಕೆಯಿಂದ ನಡೆದದ್ದು ಎಂಬ ಸಮಜಾಯಿಷಿಯು ಪಶ್ಚಾತ್ತಾಪದ ಸ್ಥಾನವನ್ನು ಆಕ್ರಮಿಸುತ್ತದೆ.

ಇಂಥ ಕೃತಿಗಳನ್ನು ಮಹಿಳೆಯರು ಹೇಗೆ ಓದುತ್ತಿದ್ದರೆಂಬುದನ್ನು ಜಾನಿಸ್ ರಾಡ್‌ವೇ ತನ್ನ ‘ರೀಡಿಂಗ್ ದಿ ರೊಮಾನ್ಸ್’ (1984) ಗ್ರಂಥದಲ್ಲಿ ಪರಿಶೀಲಿಸಿದಳು. ಅವಳು ಸಂಪರ್ಕಿಸಿದ ಓದುಗರು ಕ್ರೌರ್ಯವನ್ನು ಬಯಸುವವರಾಗಿರಲಿಲ್ಲ. ವಿಪರೀತ ಕ್ರೂರನಾದ ನಾಯಕನನ್ನು ಅವರು ತಿರಸ್ಕರಿಸುತ್ತಿದ್ದರು. ಆದರೆ ನಾಯಕನ ಒರಟುತನಕ್ಕೆ ಕೊನೆಯಲ್ಲಿ ಪ್ರೇಮವೇ ಕಾರಣವೆಂಬ ವಿವರಣೆ ದೊರೆತರೆ ಅವರಿಗೆ ಸಮಾಧಾನವಾಗುತ್ತಿತ್ತು. ಗಂಡಸಿನ ನಿಷ್ಠುರತೆಯನ್ನು ಹೀಗೆ ಪ್ರೀತಿಯೆಂದು ಅರ್ಥೈಸಿಕೊಳ್ಳುವ ಅಭ್ಯಾಸವು ಸ್ತ್ರೀಯ ವಾಸ್ತವ ಸ್ಥಿತಿಯನ್ನು ಬದಲಿಸುವುದಿಲ್ಲ ಎಂಬುದು ರಾಡ್‌ವೇಯ ಆತಂಕ. ಪಮೇಲಾ ರೆಜಿಸ್ 2003ರಲ್ಲಿ ಪ್ರಕಟಿಸಿದ ‘ಎ ನ್ಯಾಚುರಲ್ ಹಿಸ್ಟರಿ ಆಫ್ ದಿ ರೊಮಾನ್ಸ್ ನಾವೆಲ್’ ಇದಕ್ಕೆ ಪ್ರತಿಯಾಗಿ, ಈ ಪ್ರಕಾರದ ತಿರುಳು ನಾಯಿಕೆ ಅಡ್ಡಿಗಳನ್ನು ದಾಟಿ ಸ್ವಾತಂತ್ರ್ಯವನ್ನು ಪಡೆಯುವುದರಲ್ಲಿದೆ ಎಂದು ವಾದಿಸುತ್ತದೆ. ಎರಡೂ ನಿಲುವುಗಳು ಭಾಗಶಃ ಸರಿ. ನಾಯಿಕೆಗೆ ಹೊರಟುಹೋಗುವ ಶಕ್ತಿಯಿರುವ ಕೃತಿಗಳಿಗೆ ರೆಜಿಸ್‌ಳ ಮಾತು ಒಪ್ಪುತ್ತದೆ. ಆ ಶಕ್ತಿಯಿಲ್ಲದ ಕೃತಿಗಳಿಗೆ ರಾಡ್‌ವೇಯ ಆತಂಕ ಅನ್ವಯಿಸುತ್ತದೆ.

ತೊಂಬತ್ತರ ದಶಕದಲ್ಲಿ ಸಮಾಜದ ದೃಷ್ಟಿಯೂ ಬದಲಾಗುತ್ತಿತ್ತು. ಪತಿಯು ಪತ್ನಿಯ ಮೇಲೆ ಎಸಗುವ ಬಲಾತ್ಕಾರ ಅಪರಾಧವಲ್ಲವೆಂಬ ಹಳೆಯ ವಿನಾಯಿತಿಯನ್ನು ಇಂಗ್ಲೆಂಡಿನಲ್ಲಿ ಹೌಸ್ ಆಫ್ ಲಾರ್ಡ್ಸ್ 1991ರಲ್ಲಿ ತಳ್ಳಿಹಾಕಿತು. 1993ರ ಹೊತ್ತಿಗೆ ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಅದು ಅಪರಾಧವೆನಿಸಿತ್ತು. ಇದೇ ದಶಕದ ಕಾದಂಬರಿಗಳಲ್ಲಿ ನಾಯಕನ ತಪ್ಪನ್ನು ತಪ್ಪೆಂದೇ ಹೆಸರಿಸುವ ಪ್ರವೃತ್ತಿ ಬಲಗೊಂಡಿತು. ಪೆಟ್ರೀಷಿಯಾ ಗ್ಯಾಫ್ನಿಯ ‘ಟು ಹ್ಯಾವ್ ಅಂಡ್ ಟು ಹೋಲ್ಡ್’ (1995) ಕಾದಂಬರಿಯ ಸೆಬಾಸ್ಟಿಯನ್, ಸೆರೆಮನೆಯಿಂದ ಬಿಡುಗಡೆಯಾಗಿ ನಿರಾಶ್ರಿತಳಾದ ರೇಚಲ್‌ಳನ್ನು ಮನೆವಾರ್ತೆಗೆ ನೇಮಿಸಿಕೊಂಡು ಅವಳ ಅಸಹಾಯಕತೆಯನ್ನು ಬಳಸಿಕೊಳ್ಳುತ್ತಾನೆ. ಅವನ ಸ್ನೇಹಿತರು ಅವಳನ್ನು ಹಿಂಸಿಸತೊಡಗಿದಾಗ ಅವರಲ್ಲಿ ತನ್ನದೇ ಮುಖವನ್ನು ಕಾಣುತ್ತಾನೆ. ಪಮೇಲಾಳ ದಿನಚರಿ ಮಾಡಿದ ಕೆಲಸವನ್ನು ಇಲ್ಲಿ ಆ ಕನ್ನಡಿ ಮಾಡುತ್ತದೆ. ಅದೇ ವರ್ಷದ ಲೊರೆಟ್ಟಾ ಚೇಸ್‌ಳ ‘ಲಾರ್ಡ್ ಆಫ್ ಸ್ಕೌಂಡ್ರಲ್ಸ್’ನಲ್ಲಿ ತನ್ನ ಮಾನ ಕಳೆದ ನಾಯಕನ ಮೇಲೆ ಜೆಸಿಕಾ ಗುಂಡು ಹಾರಿಸುತ್ತಾಳೆ, ಹೇಯರ್‌ಳ ಮೇರಿಯ ನೆನಪು ತಪ್ಪದೆ ಬರುತ್ತದೆ. ಇನ್ನು ಲಿಸಾ ಕ್ಲೇಪಾಸ್‌ಳ ‘ಡೆವಿಲ್ ಇನ್ ವಿಂಟರ್’ (2006) ನಾಯಕನು ಹಿಂದಿನ ಕಾದಂಬರಿಯಲ್ಲಿ ಅಪಹರಿಸಿದ್ದು ನಾಯಿಕೆಯನ್ನಲ್ಲ, ಅವಳ ಗೆಳತಿಯನ್ನು. ಇಲ್ಲಿ ಹೊಸ ತೊಡಕು ಉದ್ಭವಿಸುತ್ತದೆ: ನಾಯಿಕೆ ಅವನನ್ನು ಪ್ರೀತಿಸಬಲ್ಲಳು, ಆದರೆ ಗೆಳತಿಯ ಪರವಾಗಿ ಕ್ಷಮಿಸುವ ಅಧಿಕಾರ ಅವಳಿಗಿಲ್ಲ. ಬರ್ತಾಳ ವಿಷಯದಲ್ಲಿ ಉಳಿದಿದ್ದ ಪ್ರಶ್ನೆ ಬೇರೆ ವೇಷದಲ್ಲಿ ಮರಳಿದೆ.

ತೌಲನಿಕ ನೋಟ

ಈ ಪ್ರಶ್ನೆಗಳು ಭಾರತೀಯ ಓದುಗರಿಗೆ ಅಪರಿಚಿತವಲ್ಲ. ಮಹಾಭಾರತದ ಆದಿಪರ್ವದಲ್ಲಿ ದುಷ್ಯಂತನು ಶಕುಂತಲೆಯನ್ನು ತಿಳಿದೂ ನಿರಾಕರಿಸುತ್ತಾನೆ. ಅಶರೀರವಾಣಿಯ ನಂತರ ಅವಳನ್ನು ಸ್ವೀಕರಿಸುವಾಗ, ಅವಳಾಡಿದ ಕಟುನುಡಿಗಳನ್ನು ತಾನು ಕ್ಷಮಿಸಿರುವುದಾಗಿ ಹೇಳುತ್ತಾನೆ. ಅಪರಾಧಿಯೇ ಕ್ಷಮಾದಾತನಾಗುವ ವಿಪರ್ಯಾಸವಿದು. ಕಾಳಿದಾಸನು ಶಾಪ ಮತ್ತು ಉಂಗುರಗಳನ್ನು ತಂದು ನಾಯಕನನ್ನು ದೋಷಮುಕ್ತನನ್ನಾಗಿಸಿದರೂ, ಏಳನೆಯ ಅಂಕದಲ್ಲಿ ಅವನನ್ನು ಅವಳ ಪಾದಕ್ಕೆ ಬೀಳಿಸುತ್ತಾನೆ. ಶಾಪದ ವೃತ್ತಾಂತ ಮಾರೀಚನಿಂದ ತಿಳಿಯುವುದು ಅದರ ಬಳಿಕ. ವಿವರಣೆ ಸಿಗುವ ಮೊದಲೇ ರಾಜ ಬಾಗಿದನೆಂಬುದು ಕವಿಯ ಔಚಿತ್ಯಪ್ರಜ್ಞೆಗೆ ಸಾಕ್ಷಿ. ಕನ್ನಡದ ನಾಗಚಂದ್ರನ ರಾವಣನಾದರೋ ಸೀತೆಯ ದೃಢತೆಯನ್ನು ಕಂಡು ಮನಃಪೂರ್ವಕ ಪಶ್ಚಾತ್ತಾಪಪಡುತ್ತಾನೆ. ಆದರೆ ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಮರಳಿಸುವೆನೆನ್ನುತ್ತಾನೆ. ತಪ್ಪಿನ ಅರಿವಾಗಿದೆ, ಅಭಿಮಾನ ಇಳಿದಿಲ್ಲ. ಆ ಅಂತರದಲ್ಲೇ ಅವನ ದುರಂತವಿದೆ.

ಇವೆಲ್ಲವನ್ನೂ ಒಟ್ಟಾಗಿ ಕಂಡಾಗ, ಅಪ್ರಿಯ ನಾಯಕನ ಕಥೆಯನ್ನು ಅಳೆಯಬೇಕಾದುದು ಅವನ ಅಪರಾಧದ ಗಾತ್ರದಿಂದಲ್ಲ, ಅವನ ಆಕರ್ಷಣೆಯಿಂದಂತೂ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ. ತಾನೆಸಗಿದ್ದನ್ನು ನೊಂದವಳು ಅರಿತಂತೆಯೇ ಅವನು ಅರಿತನೇ, ಕ್ಷಮಿಸುವ ಹಕ್ಕುಳ್ಳವರೇ ಕ್ಷಮಿಸಿದರೇ, ಕ್ಷಮಿಸಿದವಳಿಗೆ ಹೊರಟುಹೋಗುವ ದಾರಿ ತೆರೆದಿತ್ತೇ ಎಂಬ ಮೂರು ಅಂಶಗಳೇ ಇಲ್ಲಿ ನಿರ್ಣಾಯಕ. ಸುಖಾಂತ್ಯವನ್ನು ಪ್ರಣಯ ಕಾದಂಬರಿ ಬಿಟ್ಟುಕೊಡಲಾರದು. ಅದು ಆ ಪ್ರಕಾರದ ನಿಯಮ. ಆದರೆ ಕ್ಲಾರಿಸಾ ಬೇರ್ಪಡಿಸಿ ತೋರಿದ ಕ್ಷಮೆ ಮತ್ತು ಪುನರ್ಮಿಲನಗಳನ್ನು ಎರಡು ಪ್ರತ್ಯೇಕ ನಿರ್ಧಾರಗಳೆಂದು ಗುರುತಿಸಿದ ಕೃತಿಗಳಲ್ಲಿ ಮಾತ್ರ ಆ ಸುಖಾಂತ್ಯವು ನಾಯಿಕೆಯದೂ ಆಗಿದೆ.