ಖಾತೆದಾರರು ತೀರಿಕೊಂಡರೆ ಬ್ಯಾಂಕ್ ಹಣಕ್ಕೆ ಕೋರ್ಟ್ ಮೆಟ್ಟಿಲು ಹತ್ತಲೇಬೇಕಾ? ಇಲ್ಲಿದೆ ಮಾಹಿತಿ

ಅಂಗಡಿ ಮಾಲೀಕರು ದಿಢೀರ್ ತೀರಿಕೊಂಡರೆ ಬಾಡಿಗೆ, ಸಗಟು ವ್ಯಾಪಾರಿಯ ಬಾಕಿ ಯಾವುದೂ ನಿಲ್ಲಲ್ಲ. ಖಾತೆಯಲ್ಲಿರುವ ಹಣ ಮಾತ್ರ ಕೈಗೆ ಸಿಗಲ್ಲ. ‘ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’ ಎಂದರೆ ಎಷ್ಟೋ ಮನೆಯವರು ಕೈಚೆಲ್ಲುತ್ತಾರೆ. ಆದರೆ ಎಲ್ಲರಿಗೂ ಅದು ಬೇಕಿಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಈ ಬಗ್ಗೆ ನಿರ್ದೇಶನ ಹೊರಡಿಸಿದ್ದು, ಜಾರಿಗೆ 2026ರ ಮಾರ್ಚ್ 31ರ ಗಡುವು ನೀಡಿದೆ.

ನಾಮಿನಿ ಇದ್ದರೆ

ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ ಕೊಟ್ಟರೆ ಸಾಕು. ಜಂಟಿ ಖಾತೆಯಲ್ಲಿ ‘ಬದುಕಿರುವವರಿಗೆ’ ಎಂಬ ಷರತ್ತಿದ್ದರೂ ಇಷ್ಟೇ. ನೆನಪಿರಲಿ, ನಾಮಿನಿ ಹಣ ಪಡೆಯುವುದು ವಾರಸುದಾರರ ಪರವಾಗಿ. ನಾಮಿನಿ ಆದ ಮಾತ್ರಕ್ಕೆ ಹಣ ಪೂರ್ತಿ ಅವರದ್ದಾಗಲ್ಲ.

ನಾಮಿನಿ ಇಲ್ಲದಿದ್ದರೆ

ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂ., ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂ.ವರೆಗೆ ಸರಳ ವಿಧಾನವಿದೆ. ತಕರಾರು, ಕೋರ್ಟ್ ತಡೆ ಇರಬಾರದು. ಬೇಕಾದ ದಾಖಲೆಗಳು:

- ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ
- ಹಣ ಕೇಳುವವರ ಗುರುತಿನ ದಾಖಲೆ
- ನಷ್ಟಭರ್ತಿ ಮುಚ್ಚಳಿಕೆ ಪತ್ರ
- ಹಣ ಕೇಳದ ಉಳಿದ ವಾರಸುದಾರರ ಒಪ್ಪಿಗೆ ಪತ್ರ
- ವಾರಸುದಾರರ ಪ್ರಮಾಣಪತ್ರ. ಇಲ್ಲವೇ ಕುಟುಂಬವನ್ನು ಚೆನ್ನಾಗಿ ಬಲ್ಲ, ಸಂಬಂಧಿಕರಲ್ಲದ, ಬ್ಯಾಂಕ್ ಒಪ್ಪುವ ವ್ಯಕ್ತಿಯ ಘೋಷಣೆ

ಮೊತ್ತ ಇದಕ್ಕಿಂತ ಹೆಚ್ಚಿದ್ದರೆ ಅಥವಾ ವಾರಸುದಾರರ ನಡುವೆ ಜಗಳವಿದ್ದರೆ ಬ್ಯಾಂಕ್ ಹೆಚ್ಚಿನ ದಾಖಲೆ ಕೇಳಬಹುದು.

ಎಷ್ಟು ದಿನ?

ಎಲ್ಲ ದಾಖಲೆ ತಲುಪಿದ 15 ದಿನದೊಳಗೆ ಇತ್ಯರ್ಥವಾಗಬೇಕು. ಬ್ಯಾಂಕಿನಿಂದಲೇ ತಡವಾದರೆ ಠೇವಣಿಗೆ ‘ಬ್ಯಾಂಕ್ ದರ’ದ ಮೇಲೆ ಶೇ 4 ಸೇರಿಸಿ ಬಡ್ಡಿ, ಲಾಕರ್ ಆದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು. ಹಾಗಾಗಿ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.

ಇದನ್ನು ಮಾಡಬೇಡಿ

ತೀರಿಕೊಂಡವರ ಎಟಿಎಂ ಕಾರ್ಡ್, ಫೋನ್‌ಪೇ ಬಳಸಿ ಹಣ ತೆಗೆಯಬೇಡಿ. ಮುಂದೆ ಬೇರೆ ವಾರಸುದಾರರು ತಕರಾರು ಎತ್ತಿದರೆ ನೀವೇ ಉತ್ತರ ಕೊಡಬೇಕಾಗುತ್ತೆ.

ಜಮೀನಿಗೆ ಬೇರೆ ದಾರಿ

ಈ ನಿಯಮ ಬ್ಯಾಂಕ್ ಠೇವಣಿ, ಲಾಕರ್‌ಗೆ ಮಾತ್ರ. ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗಲು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ಈಗಲೇ ಮಾಡಿ

2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿ ಸೇರಿಸಬಹುದು. ಒಬ್ಬರೇ ಮಾಲೀಕರಾಗಿರುವ ಅಂಗಡಿಯ ಖಾತೆಗೂ ನಾಮಿನಿ ಹೆಸರಿಸಬಹುದು. ಪಾಸ್‌ಬುಕ್ ತೆಗೆದು ನಾಮಿನಿ ನೋಂದಣಿ ಆಗಿದೆಯಾ ಎಂದು ಇವತ್ತೇ ನೋಡಿಕೊಳ್ಳಿ.