ಕೋವಿಗೆ ಕಟ್ಟಿದ ಕುದುರೆ

ಕನ್ನಡದ ಕುದುರೆಗಳನ್ನೆಲ್ಲ ಒಂದೆಡೆ ಕಟ್ಟಲು ಹೊರಟರೆ ಲಾಯ ಸಾಲದು. ಬೇಸಗೆಯ ದಾರಿಯಲ್ಲಿ ನೀರಿನ ಭ್ರಮೆ ಹುಟ್ಟಿಸುವುದು ಬಿಸಿಲ್ಗುದುರೆ. ಜಾತ್ರೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವುದು ಕೀಲುಕುದುರೆ. ಚದುರಂಗದ ಮಣೆಯಲ್ಲಿ ಕಾಯಿಗಳ ತಲೆ ದಾಟಿ ನೆಗೆಯುವುದು ಇನ್ನೊಂದು. ವೀಣೆ, ತಂಬೂರಿಗಳ ತಂತಿಯನ್ನು ಬೆನ್ನ ಮೇಲೆ ಹೊತ್ತು ನಿಂತ ಪುಟ್ಟ ತುಂಡಿಗೂ ಕುದುರೆ ಎಂದೇ ಹೆಸರು. ಇವುಗಳ ಜೊತೆಗೆ ಕೋವಿಯ ಬೆನ್ನಿಗೆ ಕಟ್ಟಿದ ಕುದುರೆಯೂ ಒಂದಿದೆ. ತೋಟೆಯ ಹಿಂಬದಿಗೆ ಬಡಿದು ಗುಂಡು ಹಾರಿಸುವ ಆ ಕಬ್ಬಿಣದ ಸುತ್ತಿಗೆಗೆ ನಮ್ಮ ಹಿರಿಯರು ಈ ಹೆಸರು ಕೊಟ್ಟರು. ನಾವು ಇಂದು ಅದೇ ಹೆಸರನ್ನು ಬೇರೆ ಭಾಗಕ್ಕೆ ಅಂಟಿಸಿದ್ದೇವೆ. ಆ ಪಲ್ಲಟ ಹೇಗಾಯಿತು ಎಂಬುದನ್ನು ತಿಳಿಯಲು ಹಳೆಯ ಬಗೆಯ ರಿವಾಲ್ವರ್ ಒಂದನ್ನು ಕೈಗೆತ್ತಿಕೊಂಡರೆ ಸಾಕು.

ಅದಕ್ಕೆ ಹೈದರಾಬಾದಿನ ಪಶ್ಚಿಮ ಅಂಚಿನ ಮಣಿಕೊಂಡ ಒಳ್ಳೆಯ ಜಾಗ. ಗೋಲ್ಕೊಂಡ ಕೋಟೆಯಿಂದ ಕೆಲವೇ ಕಿಲೋಮೀಟರ್ ದೂರದ ಈ ಹಳೆಯ ಹಳ್ಳಿ ಈಗ ಐ.ಟಿ. ನೌಕರರ ಅಪಾರ್ಟ್‌ಮೆಂಟುಗಳ ಊರು. ಒಂದೇ ಕಟ್ಟಡದ ಲಿಫ್ಟಿನಲ್ಲಿ ತೆಲುಗು, ದಖನಿ ಉರ್ದು, ಕಲಬುರಗಿಯ ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಬೀದರ, ಕಲಬುರಗಿ, ರಾಯಚೂರುಗಳಿಗೆ 1956ರ ತನಕ ಹೈದರಾಬಾದೇ ರಾಜಧಾನಿಯಾಗಿತ್ತಾದ್ದರಿಂದ ಇದು ಹೊಸ ನೆಂಟಸ್ತಿಕೆಯೇನಲ್ಲ. ಲೈಸೆನ್ಸ್ ಇರುವ ಇಲ್ಲಿನ ಒಬ್ಬರು ನಗರದ ಆಯುಧದಂಗಡಿಗೆ ಹೋಗಿ ಹಳೆಯ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ತೋರಿಸಿ ಅಂದರೆ, ಅದರ ಸುತ್ತಿಗೆಯನ್ನು ಉರ್ದುವಿನವರು ಘೋಡಾ ಅನ್ನುತ್ತಾರೆ. ತೆಲುಗಿನಲ್ಲಿ ಅದು ಗುರ್ರಂ, ನಮ್ಮಲ್ಲಿ ಕುದುರೆ. ತಮಿಳಿನ ಕುದಿರೈ, ಮರಾಠಿಯ ಘೋಡಾ ಕೂಡ ಇದೇ ಅರ್ಥಕ್ಕೆ ಸಲ್ಲುತ್ತವೆ. ಭಾಷೆಯ ಕುಲ ಬೇರೆಯಾದರೂ ಪ್ರಾಣಿ ಒಂದೇ.

ಯುರೋಪಿಗೆ ಹೋದರೆ ಪ್ರಾಣಿ ಬದಲಾಗುತ್ತದೆ. ಇಂಗ್ಲಿಷರ ಕಾಕ್, ಜರ್ಮನರ ಹಾನ್, ರಷ್ಯನ್ನರ ಕುರೋಕ್, ತುರ್ಕರ ಹೊರೋಜ್ ಎಲ್ಲವೂ ಹುಂಜ. ಕೊಕ್ಕಿನಿಂದ ಕುಕ್ಕುವ ಹಕ್ಕಿಯನ್ನು ಅವರು ಅಲ್ಲಿ ಕಂಡರು. ಫ್ರೆಂಚರ ಶಿಯೆನ್, ಇಟಲಿಯವರ ಕಾನೆ ಎಂದರೆ ನಾಯಿ. ಚಕಮಕಿ ಕಲ್ಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ದವಡೆ ಅವರ ಕಣ್ಣಿಗೆ ಬಿದ್ದಿರಬೇಕು. ಸ್ಪೇನಿನವರು ಬೆರಳಿನಿಂದ ಎಳೆಯುವ ಕೀಲಿಗೆ ಗತಿಯ್ಯೊ, ಅಂದರೆ ಬೆಕ್ಕಿನ ಮರಿ ಎಂದರು. ಭಾರತದಲ್ಲಿ ಮಾತ್ರ ಇದು ಕುದುರೆಯಾಯಿತು. ನನಗೆ ತೋರುವ ಕಾರಣ ಸರಳ: ನಮ್ಮವರು ನೋಡಿದ್ದು ಕೊಕ್ಕನ್ನಲ್ಲ, ದವಡೆಯನ್ನಲ್ಲ, ಹೊರುವುದನ್ನು ಮತ್ತು ನೆಗೆಯುವುದನ್ನು.

ಹಳೆಯ ಜಾಮಗಿ ಕೋವಿಯನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಹೊಗೆಯಾಡುವ ಬತ್ತಿಯೊಂದನ್ನು ಬಾಗಿದ ಕಬ್ಬಿಣದ ತೋಳು ಹೊತ್ತು ನಿಂತಿರುತ್ತಿತ್ತು. ಕೆಳಗಿನ ಕೀಲನ್ನು ಎಳೆದರೆ ತೋಳು ಬಾಗಿ ಬತ್ತಿಯ ಕೆಂಡವನ್ನು ಮದ್ದಿಗೆ ಮುಟ್ಟಿಸುತ್ತಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಗೋಡೆಯ ಮೇಲೆ ತಲೆ ಎತ್ತಿದವರನ್ನು ಪೋರ್ಚುಗೀಸ್ ಕೋವಿಗಾರರು ಗುರಿಯಿಟ್ಟು ಹೊಡೆದ ಸಂಗತಿಯನ್ನು ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಅವರ ಕೈಯಲ್ಲಿದ್ದುದು ಇಂಥ ಬತ್ತಿಯ ಕೋವಿಗಳು. ಮುಂದೆ ಬತ್ತಿಯ ಜಾಗಕ್ಕೆ ಚಕಮಕಿ ಕಲ್ಲು ಬಂತು. ಬಿಗಿದ ಸ್ಪ್ರಿಂಗ್ ಬಿಟ್ಟ ಕೂಡಲೇ ತೋಳು ನೆಗೆದು ಬಡಿಯಿತು. ವೀಣೆಯ ಕುದುರೆ ತಂತಿಯನ್ನು ಹೊರುತ್ತದಷ್ಟೇ. ಕೋವಿಯ ಕುದುರೆ ಹೊತ್ತದ್ದನ್ನು ಹೊತ್ತುಕೊಂಡೇ ಹಾರಿತು. ಕುದುರೆಯೇ ಸೈನ್ಯದ ಬಲವಾಗಿದ್ದ ನಾಡಿನಲ್ಲಿ, ಅರಬ್ಬೀ ಕುದುರೆಗಳಿಗಾಗಿ ವಿಜಯನಗರದ ಅರಸರು ಹೊನ್ನು ಸುರಿಯುತ್ತಿದ್ದ ಕಾಲದ ನೆನಪಿದ್ದವರಿಗೆ, ಬೇರೆ ಹೆಸರು ಹೊಳೆಯುವುದು ಕಷ್ಟವೇ ಇತ್ತು.

ಕೋವಿಗಿರುವ ಉಳಿದ ಹೆಸರುಗಳಲ್ಲಿ ಇಂಥ ಚಲನೆಯಿಲ್ಲ. ಕೋವಿ ಎಂದರೆ ಮೂಲದಲ್ಲಿ ಕೊಳವೆ. ತುಪಾಕಿ ತುರ್ಕಿಯ ತುಫೆಕ್‌ನಿಂದ ಬಂದದ್ದು. ಅದರ ಹಿಂದಿರುವುದು ಉಂಡೆ ಇಟ್ಟು ಉಸಿರಿನಿಂದ ಊದುವ ಕೊಳವೆ. ಬಂದೂಕು ಇನ್ನೂ ದೂರದ್ದು: ಅರಬ್ಬಿಯ ಬುಂದುಕ್ ಎಂದರೆ ಹೇಜಲ್ ಕಾಯಿ, ಆಮೇಲೆ ಆ ಕಾಯಿಯಷ್ಟು ಗಾತ್ರದ ಗುಂಡು, ಕೊನೆಗೆ ಆ ಗುಂಡನ್ನು ಹಾರಿಸುವ ಆಯುಧ. ಕೊಳವೆ, ಕಾಯಿ ಎರಡೂ ನಿಂತಲ್ಲೇ ಇರುತ್ತವೆ. ಜೀವ ಇರುವುದು ಕುದುರೆಗೆ.

ಸ್ಯಾಮುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರ್‌ನ ಗುಟ್ಟು ಈ ಕುದುರೆಯಲ್ಲೇ ಇತ್ತು. ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎಳೆದರೆ, ಅದೇ ಎಳೆತಕ್ಕೆ ಸಿಲಿಂಡರ್ ಒಂದು ಗೂಡಿನಷ್ಟು ತಿರುಗಿ ಮುಂದಿನ ಗೂಡು ನಳಿಗೆಯ ನೇರಕ್ಕೆ ಬಂದು ಬಿಗಿಯುತ್ತಿತ್ತು. 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿಯಲ್ಲಿ ಹೀಗೆ ಎಳೆಯುವಾಗ ಟಿಕ್, ಟಿಕ್ ಎಂದು ನಾಲ್ಕು ಸದ್ದು ಕೇಳುತ್ತವೆ. ಆಮೇಲೆ ತೋರುಬೆರಳು ಮಾಡುವುದು ಒಂದೇ ಕೆಲಸ: ಕುದುರೆಯನ್ನು ಬಿಡುವುದು. ಸಿಂಗಲ್ ಆ್ಯಕ್ಷನ್ ಎಂಬ ಹೆಸರು ಬಂದದ್ದು ಇದರಿಂದ. 1851ರಲ್ಲಿ ಲಂಡನ್ನಿನ ರಾಬರ್ಟ್ ಆಡಮ್ಸ್ ಟ್ರಿಗರ್ ಎಳೆತವೊಂದರಲ್ಲೇ ಕುದುರೆ ಎದ್ದು ಬೀಳುವಂತೆ ಮಾಡಿದ. ಅಂಥ ರಿವಾಲ್ವರ್‌ಗಳಲ್ಲಿ ಹೆಬ್ಬೆರಳಿಗೆ ಬಿಡುವು ಸಿಕ್ಕಿತು.

ಉರ್ದು ಮಾತಿನಲ್ಲಿ ಈ ಎರಡು ಕಾಲಗಳೂ ಉಳಿದಿವೆ. ಘೋಡಾ ಚಢಾನಾ ಎಂದರೆ ಸುತ್ತಿಗೆಯನ್ನು ಹಿಂದಕ್ಕೆ ಏರಿಸಿ ನಿಲ್ಲಿಸುವುದು. ಘೋಡಾ ದಬಾನಾ ಎಂದರೆ ಟ್ರಿಗರ್ ಒತ್ತುವುದು. ಮೊದಲನೆಯದರಲ್ಲಿ ಘೋಡಾ ಮೇಲಿನ ಸುತ್ತಿಗೆ, ಎರಡನೆಯದರಲ್ಲಿ ಕೆಳಗಿನ ಕೀಲು. ಕನ್ನಡದಲ್ಲೂ ಹೀಗೇ ಆಗಿದೆ. ಕೇಪಿನ ಕೋವಿ ಹಿಡಿದ ಮಲೆನಾಡಿನ ಹಳಬರಿಗೆ ಕುದುರೆ ಎಂದರೆ ಕೇಪಿಗೆ ಬಡಿಯುವ ಸುತ್ತಿಗೆ. ಪತ್ರಿಕೆಯ ಅಪರಾಧ ವರದಿಯಲ್ಲಿ ಬಂದೂಕಿನ ಕುದುರೆ ಒತ್ತಿದ ಎಂದರೆ ಟ್ರಿಗರ್. ಈ ಜಾರುವಿಕೆಗೆ ಕೋವಿ ಮಾಡುವವರೇ ದಾರಿ ಮಾಡಿಕೊಟ್ಟರೆಂದು ನನ್ನ ಊಹೆ. 1875ರಲ್ಲಿ ಆನ್ಸನ್ ಮತ್ತು ಡೀಲಿ ಸುತ್ತಿಗೆಯನ್ನು ಕೋವಿಯ ಹೊಟ್ಟೆಯೊಳಗೆ ಅಡಗಿಸಿದ ಮೇಲೆ ಜೋಡುನಳಿಗೆಗಳ ಹೊರಗೆ ಕಾಣುವಂತೆ ಉಳಿದದ್ದು ಟ್ರಿಗರ್ ಒಂದೇ. ಕುದುರೆ ಕಣ್ಮರೆಯಾದಾಗ ಅದರ ಹೆಸರು ಕಣ್ಣಿಗೆ ಬೀಳುವ ಭಾಗಕ್ಕೆ ಇಳಿಯಿತು. ನಮ್ಮ ಪದಕೋಶಗಳು ಎರಡೂ ಅರ್ಥಗಳನ್ನು ಬೇರೆ ಬೇರೆಯಾಗಿ ಕೊಡಬೇಕು, ಹಳೆಯದನ್ನು ಮೊದಲು ಕೊಡಬೇಕು ಎಂದು ನಾನು ಬಯಸುತ್ತೇನೆ. ಸಿಂಗಲ್ ಆ್ಯಕ್ಷನ್ ಕೊಳ್ಳುವವರಿಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ. ಅಲ್ಲಿ ಕುದುರೆ, ಟ್ರಿಗರ್ ಎರಡನ್ನೂ ಬೇರೆ ಬೇರೆ ಬೆರಳುಗಳೇ ಮುಟ್ಟಬೇಕು. ಹೆಸರು ಕಲಸಿದರೆ ಕೈಯೂ ಕಲಸುತ್ತದೆ.

ಆದರೆ ಕೊಳ್ಳುವುದು ಸುಲಭವಲ್ಲ, ಸುಲಭವಾಗಬಾರದು ಕೂಡ. 1959ರ ಆಯುಧ ಕಾಯ್ದೆಯ ಪ್ರಕಾರ ಮೊದಲು ಲೈಸೆನ್ಸ್, ಆಮೇಲೆ ಆಯುಧ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಹೊಸದೇ ಬೇಕೆಂದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇದೆ. ಅದು ಡಬಲ್ ಆ್ಯಕ್ಷನ್, ಅಂದರೆ ಟ್ರಿಗರ್ ಎಳೆತವೇ ಕುದುರೆಯನ್ನು ಎತ್ತಿ ಬೀಳಿಸುತ್ತದೆ. ಆದರೂ ಕುದುರೆ ಹೊರಗೇ ಇರುವುದರಿಂದ ಹೆಬ್ಬೆರಳಿನಿಂದ ಎಳೆದೂ ಹೊಡೆಯಬಹುದು. 1980ರ ದಶಕದ ನಡುವಿನಲ್ಲಿ ನಾಗರಿಕರಿಗೆ ವಿದೇಶಿ ಆಯುಧಗಳ ಆಮದು ನಿಂತದ್ದರಿಂದ, ಅಪ್ಪಟ ಸಿಂಗಲ್ ಆ್ಯಕ್ಷನ್ ಬೇಕಾದವರು ಹಳೆಯ ಮಾಲನ್ನೇ ಹುಡುಕಬೇಕು. ಲೈಸೆನ್ಸ್ ಇರುವ ಒಬ್ಬರು ಇನ್ನೊಬ್ಬರಿಗೆ ತಮ್ಮದನ್ನು ಮಾರುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

ಆ ದಿನಗಳು ಮುಗಿಯುವ ಮೊದಲೇ ಮಾಲನ್ನು ಪರೀಕ್ಷಿಸಿಕೊಳ್ಳುವುದು ಜಾಣತನ. ಆರೂ ಗೂಡು ಖಾಲಿ ಎಂದು ಕಣ್ಣಾರೆ ನೋಡಿ. ಕುದುರೆಯನ್ನು ಪೂರ್ತಿ ಏರಿಸಿ, ಸಿಲಿಂಡರ್ ಅಲುಗುತ್ತದೆಯೇ ಎಂದು ನೋಡಿ. ಟ್ರಿಗರ್ ಮುಟ್ಟದೆ ಕುದುರೆಯನ್ನು ಹಿಂದಿನಿಂದ ಹೆಬ್ಬೆರಳಿನಲ್ಲಿ ಮುಂದಕ್ಕೆ ಒತ್ತಿ. ಅದು ಜಾರಿದರೆ ಒಳಗಿನ ಕಚ್ಚು ಸವೆದಿದೆ, ಅಂಥದ್ದು ಬೇಡ. ಹಳೆಯ ಕೋಲ್ಟ್ ಮಾದರಿಗಳಲ್ಲಿ ಇಳಿದ ಕುದುರೆ ತೋಟೆಯ ಬೆನ್ನಿಗೇ ತಾಗುತ್ತದೆ, ಕೈಜಾರಿ ಬಿದ್ದರೂ ಸಿಡಿಯಬಹುದು. ಅದಕ್ಕೇ ಬಲ್ಲವರು ಆರು ಗೂಡಿನ ರಿವಾಲ್ವರ್‌ಗೆ ಐದೇ ತೋಟೆ ತುಂಬಿ, ಕುದುರೆಯನ್ನು ಖಾಲಿ ಗೂಡಿನ ಮೇಲೆ ಇಳಿಸಿಡುತ್ತಾರೆ.