ನುಣುಪು ನೆಲದ ಮೇಲೆ ರಬ್ಬರಿನ ಹಿಡಿತ: ಪ್ಯಾಲೆಟ್ ಟ್ರಕ್ಕಿನ ಬದಲಿ ಡ್ರೈವ್ ಟೈರುಗಳ ಕುರಿತು

ಎಲೆಕ್ಟ್ರಿಕ್ ಪ್ಯಾಲೆಟ್ ಟ್ರಕ್ಕಿನ ಡ್ರೈವ್ ಚಕ್ರಕ್ಕೆ ಬದಲಿ ಟೈರು ಆರಿಸುವಾಗ ಸಾಮಾನ್ಯವಾಗಿ ನೋಡುವುದು ಎರಡನ್ನೇ: ಅಳತೆ ಮತ್ತು ಶೋರ್ ಎ ಮಾಪಕದಲ್ಲಿನ ಗಡಸುತನ. ಪಾಲಿಯುರೆಥೇನ್ ಹೆಚ್ಚು ಭಾರ ಹೊರುತ್ತದೆ, ಹಗುರಾಗಿ ಉರುಳುತ್ತದೆ. ರಬ್ಬರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಇದರಲ್ಲಿ ವಿವಾದವಿಲ್ಲ. ಉರುಳುವಾಗಿನ ಪ್ರತಿರೋಧಕ್ಕೆ ವಸ್ತುವಿನೊಳಗಿನ ಹಿಸ್ಟರೆಸಿಸ್ ನಷ್ಟವೇ (ಅದುಮಿ ಬಿಟ್ಟಾಗ ಮರಳದೆ ಶಾಖವಾಗುವ ಶಕ್ತಿ) ಮುಖ್ಯ ಕಾರಣವೆಂದು ಘರ್ಷಣೆಯ ಸಂಶೋಧಕ ಟೇಬರ್ 1950ರ ದಶಕದಲ್ಲೇ ತೋರಿಸಿದ್ದರು.

ವಿವಾದವಿರುವುದು ಹಿಡಿತದ ಮೂಲದ ಬಗ್ಗೆ. 2001ರಲ್ಲಿ ಭೌತವಿಜ್ಞಾನಿ ಪರ್ಸನ್ ಮಂಡಿಸಿದ ಸಿದ್ಧಾಂತದಲ್ಲಿ ಪ್ರಾಧಾನ್ಯ ಹಿಸ್ಟರೆಸಿಸ್‌ಗೆ: ನೆಲದ ಉಬ್ಬುತಗ್ಗುಗಳು ರಬ್ಬರನ್ನು ಮತ್ತೆ ಮತ್ತೆ ಅದುಮುತ್ತವೆ, ಆ ಅದುಮುವಿಕೆಯಲ್ಲಿ ಕಳೆದುಹೋಗುವ ಶಕ್ತಿಯೇ ಘರ್ಷಣೆಯಾಗಿ ಕಾಣುತ್ತದೆ. ಡಾಂಬರು ರಸ್ತೆಗೆ ಇದು ಬಲವಾದ ವಿವರಣೆ. ಆದರೆ ಯಂತ್ರದಿಂದ ನಯಗೊಳಿಸಿದ ಗೋದಾಮಿನ ಕಾಂಕ್ರೀಟಿಗೆ ಅದನ್ನು ಹಾಗೆಯೇ ಅನ್ವಯಿಸುವುದನ್ನು ನಾನು ಒಪ್ಪಲಾರೆ.

ಇಲ್ಲಿ ರಬ್ಬರಿನ ಸಂಶೋಧಕ ಗ್ರಾಶ್ 1963ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಮತ್ತೊಮ್ಮೆ ಓದಬೇಕು. ಗಾಜಿನ ಮೇಲೆ ರಬ್ಬರನ್ನು ಜಾರಿಸಿದಾಗ, ವೇಗದೊಡನೆ ಬದಲಾಗುವ ಘರ್ಷಣೆಯ ರೇಖೆಯಲ್ಲಿ ಅವರಿಗೆ ಕಂಡದ್ದು ಒಂದೇ ಶಿಖರ, ರಬ್ಬರು ಮೇಲ್ಮೈಗೆ ಅಂಟಿಕೊಳ್ಳುವುದರದು. ಸಿಲಿಕಾನ್ ಕಾರ್ಬೈಡಿನ ಒರಟು ಮೇಲ್ಮೈಯಲ್ಲಿ ಹಿಸ್ಟರೆಸಿಸ್‌ನ ಇನ್ನೊಂದು ಶಿಖರವೂ ಎದ್ದಿತು. ಅದೇ ಒರಟು ಮೇಲ್ಮೈಗೆ ಮೆಗ್ನೀಷಿಯಾ ಪುಡಿ ಉದುರಿಸಿದಾಗ ಅಂಟಿಕೆಯ ಶಿಖರ ಮಾಯವಾಯಿತು, ಹಿಸ್ಟರೆಸಿಸ್‌ನದು ಉಳಿಯಿತು. ಅವರು ಬಳಸಿದ ವೇಗ ಸೆಕೆಂಡಿಗೆ ಹೆಚ್ಚೆಂದರೆ ಕೆಲವೇ ಸೆಂಟಿಮೀಟರ್. ಗಂಟೆಗೆ 6 ಕಿ.ಮೀ. ವೇಗದಲ್ಲಿ ಸಾಗುವ ಟ್ರಕ್ಕಿನ ಚಕ್ರ ಶೇ. 2ರಷ್ಟು ಜಾರಿದರೆ ಜಾರುವ ವೇಗ ಸೆಕೆಂಡಿಗೆ ಸುಮಾರು 3.3 ಸೆಂ.ಮೀ. ಅಂದರೆ ರಸ್ತೆಯ ಟೈರಿಗಿಂತ ನಮ್ಮ ಚಕ್ರವೇ ಗ್ರಾಶ್ ಅವರ ಪ್ರಯೋಗಕ್ಕೆ ಹತ್ತಿರ.

ಆದ್ದರಿಂದ ನನ್ನ ವಾದ ಇದು: ಒಣಗಿದ, ಶುಚಿಯಾದ ನುಣುಪು ನೆಲದಲ್ಲಿ ಬದಲಿ ಟೈರಿನ ಹಿಡಿತಕ್ಕೆ ಅಂಟಿಕೆಯ ಪಾಲೇ ದೊಡ್ಡದು, ರಟ್ಟು ಮತ್ತು ಸಿಮೆಂಟಿನ ಧೂಳು ಮೊದಲು ಕಸಿದುಕೊಳ್ಳುವುದೂ ಅದನ್ನೇ. ಹಾಗಿದ್ದರೆ ಚಕ್ರ ಜಾರುತ್ತಿದೆ ಎಂದು ಇನ್ನೂ ಮೆತ್ತಗಿನ ಟೈರು ಹಾಕಿಸುವುದಕ್ಕಿಂತ ಮೊದಲು ನೆಲವನ್ನು ಪರೀಕ್ಷಿಸುವುದು ಸರಿ. ಈ ವಾದಕ್ಕೆ ಮಿತಿಗಳಿವೆ. ಗ್ರಾಶ್ ಅಳೆದದ್ದು ಪೂರ್ಣ ಜಾರುವಿಕೆಯನ್ನು. ಉರುಳುವ ಚಕ್ರದಲ್ಲಿ ಸಂಪರ್ಕದ ಒಂದು ಭಾಗವಷ್ಟೇ ಜಾರಬಹುದು. ನೀರು ನಿಂತ ನೆಲಕ್ಕೂ ಎಣ್ಣೆ ಹತ್ತಿದ ನೆಲಕ್ಕೂ ಇದನ್ನು ವಿಸ್ತರಿಸಲಾಗದು. ಜಾರುವಿಕೆಗೆ ಇರಬಹುದಾದ ಇನ್ನೊಂದು ಕಾರಣವನ್ನೂ ಮೊದಲೇ ತಳ್ಳಿಹಾಕಬೇಕಾಗುತ್ತದೆ: ಟೈರು ಸವೆದಂತೆ ಚಾಸಿಸ್ ಕೆಳಗಿಳಿದು ಪಕ್ಕದ ಕ್ಯಾಸ್ಟರುಗಳು ಭಾರವನ್ನು ಹಂಚಿಕೊಳ್ಳುತ್ತವೆ, ಡ್ರೈವ್ ಚಕ್ರದ ಮೇಲಿನ ಒತ್ತಡ ತಗ್ಗುತ್ತದೆ. ಆಗ ಹೊಸ ಟೈರಿನಿಂದ ಹಿಡಿತ ಮರಳಿದರೆ ಅದರ ಶ್ರೇಯಸ್ಸು ರಬ್ಬರಿನ ಗುಣಕ್ಕಲ್ಲ, ಅದರ ದಪ್ಪಕ್ಕೆ ಸಲ್ಲಬೇಕು.

ಶೀತಲ ಗೋದಾಮುಗಳ ಪ್ರಶ್ನೆ ತೆರೆದೇ ಇದೆ. ಉಷ್ಣತೆ ಇಳಿದಂತೆ ರಬ್ಬರಿನ ಎರಡೂ ಶಿಖರಗಳು ಕಡಿಮೆ ವೇಗದ ಕಡೆಗೆ ಸರಿಯುತ್ತವೆ. ಅಲ್ಲಿ ನೆಲದ ಮೇಲೆ ಕಟ್ಟುವ ತೆಳು ಹಿಮದ ಪದರವು ಮೆಗ್ನೀಷಿಯಾದಂತೆ ಅಂಟಿಕೆಯನ್ನಷ್ಟೇ ತಡೆಯುವುದೋ, ಉಬ್ಬುತಗ್ಗುಗಳನ್ನೂ ಮುಚ್ಚಿ ಹಿಸ್ಟರೆಸಿಸ್‌ನ ಪಾಲನ್ನೂ ಕುಗ್ಗಿಸುವುದೋ ಎಂಬುದನ್ನು ಪ್ರತ್ಯೇಕ ಪ್ರಯೋಗವೇ ನಿರ್ಧರಿಸಬೇಕು.